ಮರ ಎತ್ತ ಹಿಗ್ಗುತ್ತದೆ: ಮನೆಯಲ್ಲಿ ಪೀಠೋಪಕರಣ ಮಾಡುವವರು ಮೊದಲು ಅರಿಯಬೇಕಾದುದು

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಆಷಾಢದ ಮಳೆ ಹಿಡಿದುಕೊಂಡಿತೆಂದರೆ ಮನೆಯ ಒಂದಲ್ಲ ಒಂದು ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಮೇಜಿನ ಡ್ರಾಯರ್ ಎಳೆದರೂ ಬರುವುದಿಲ್ಲ. ಬಡಗಿಯನ್ನು ಕರೆಸಿ ಬಾಗಿಲಿನ ಅಂಚನ್ನು ಕೀಸಿಸಿದರೆ ಆ ಹೊತ್ತಿಗೆ ಸಲೀಸಾಗುತ್ತದೆ. ಆದರೆ ಯುಗಾದಿ ಬರುವಷ್ಟರಲ್ಲಿ ಅದೇ ಬಾಗಿಲಿನ ಪಕ್ಕದಲ್ಲಿ ಬೆಳಕು ತೂರುವಷ್ಟು ಸಂದು ಬಿಟ್ಟಿರುತ್ತದೆ. ಇದನ್ನು ಮರದ ದೋಷವೆಂದೋ ಮಾಡಿದವರ ದೋಷವೆಂದೋ ಹೇಳುವುದು ವಾಡಿಕೆ. ಮರದ ಸ್ವಭಾವವೇ ಹಾಗೆ. ಕಡಿದು, ಕೊಯ್ದು, ಒಣಗಿಸಿ, ಪಾಲಿಶ್ ಹಾಕಿ, ನೂರು ವರ್ಷ ಕಳೆದ ಮೇಲೂ ಅದು ಗಾಳಿಯಲ್ಲಿನ ತೇವವನ್ನು ಹೀರುತ್ತ, ಬಿಡುತ್ತ, ಅದಕ್ಕೆ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ.

ಮನೆಯ ಮೂಲೆಯಲ್ಲೊಂದು ಕೆಲಸದ ಮೇಜು ಹಾಕಿಕೊಂಡು ಮರಗೆಲಸ ಕಲಿಯಹೊರಟವರು ಸಾಮಾನ್ಯವಾಗಿ ಮೊದಲು ಉಪಕರಣಗಳ ಬಗ್ಗೆ, ಅನಂತರ ಜೋಡಣೆಗಳ ಬಗ್ಗೆ ತಿಳಿಯಲು ಯತ್ನಿಸುತ್ತಾರೆ. ಮರದ ಈ ಚಲನೆಯ ವಿಷಯ ಅವರ ಗಮನಕ್ಕೆ ಬರುವುದು ಮಾಡಿದ ಮೊದಲ ಮೇಜಿನ ಹಲಗೆ ಸೀಳಿದ ಮೇಲೆ. ಈ ಕ್ರಮ ತಿರುವುಮುರುವಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಲಗೆ ಯಾವ ದಿಕ್ಕಿಗೆ ಎಷ್ಟು ಚಲಿಸುತ್ತದೆ ಎಂಬುದನ್ನು ತಿಳಿದುಕೊಂಡವರಿಗೆ ಹಳೆಯ ಕಾಲದ ಪ್ರತಿಯೊಂದು ಜೋಡಣೆಯೂ ಏಕೆ ಹಾಗಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ತಿಳಿಯದವರು ಎಷ್ಟು ಬಲವಾದ ಅಂಟು ಬಳಸಿದರೂ ಮರದೊಡನೆ ಸೆಣಸುತ್ತಲೇ ಇರಬೇಕಾಗುತ್ತದೆ.

ಮೊದಲು ಮರದ ಒಳರಚನೆಯನ್ನು ನೋಡೋಣ. ಸೂಕ್ಷ್ಮದರ್ಶಕದಲ್ಲಿ ಮರದ ತುಂಡು ಹುಲ್ಲುಕಡ್ಡಿಗಳನ್ನು ಒತ್ತಾಗಿ ಕಟ್ಟಿದ ಹೊರೆಯಂತೆ ಕಾಣುತ್ತದೆ: ಕಾಂಡದ ಉದ್ದಕ್ಕೆ ನಿಂತ, ಒಳಗೆ ಟೊಳ್ಳಾದ, ಸಣ್ಣ ಸಣ್ಣ ಕೊಳವೆಯಂತಹ ಜೀವಕೋಶಗಳು. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು ಈ ಟೊಳ್ಳುಗಳಲ್ಲಿ, ಇನ್ನೊಂದು ಕೋಶಗಳ ಗೋಡೆಯ ಒಳಗೆ. ಮರವನ್ನು ಕಡಿದ ಮೇಲೆ ಮೊದಲು ಹೋಗುವುದು ಟೊಳ್ಳಿನ ನೀರು, ಮತ್ತು ಅದು ಪೂರ್ತಿಯಾಗಿ ಹೋದರೂ ಮರದ ಗಾತ್ರ ಬದಲಾಗುವುದಿಲ್ಲ, ತೂಕ ಮಾತ್ರ ಇಳಿಯುತ್ತದೆ. ತೇವಾಂಶವು ಸುಮಾರು 28ರಿಂದ 30 ಪ್ರತಿಶತಕ್ಕೆ ಇಳಿದಾಗ ಟೊಳ್ಳುಗಳು ಬರಿದಾಗಿ ಗೋಡೆಗಳು ಮಾತ್ರ ನೀರು ತುಂಬಿಕೊಂಡಿರುತ್ತವೆ. ಅಲ್ಲಿಂದ ಕೆಳಕ್ಕೆ ಹೋಗುವ ಪ್ರತಿಯೊಂದು ಹನಿಯೂ ಗೋಡೆಯನ್ನು ತೆಳ್ಳಗಾಗಿಸುತ್ತದೆ, ಮರ ಕುಗ್ಗತೊಡಗುತ್ತದೆ. ಇಲ್ಲಿ ತೇವಾಂಶವೆಂದರೆ ಮರದಲ್ಲಿರುವ ನೀರಿನ ತೂಕವನ್ನು ಪೂರ್ತಿ ಒಣಗಿದ ಮರದ ತೂಕದಿಂದ ಭಾಗಿಸಿದಾಗ ಬರುವ ಪ್ರಮಾಣ. ಆದ್ದರಿಂದಲೇ ಈಗಷ್ಟೇ ಕಡಿದ ಕೆಲವು ಮರಗಳ ತೇವಾಂಶ ನೂರು ಪ್ರತಿಶತವನ್ನೂ ಮೀರಬಹುದು.

ಗೋಡೆಗಳಲ್ಲಿರುವ ಸೆಲ್ಯುಲೋಸ್ ಎಳೆಗಳು ಬಹುಮಟ್ಟಿಗೆ ಕಾಂಡದ ಉದ್ದಕ್ಕೇ ಸಾಗುತ್ತವೆ. ನೀರು ಹೊಕ್ಕುವುದು ಈ ಎಳೆಗಳ ನಡುವಿನ ಸಂದಿಗೆ. ಹೊಕ್ಕಾಗ ಎಳೆಗಳು ಒಂದರಿಂದೊಂದು ಅಗಲುತ್ತವೆಯೇ ಹೊರತು ತಾವೇ ಉದ್ದವಾಗುವುದಿಲ್ಲ. ಹೀಗಾಗಿ ಮರ ನಾರಿನ ಉದ್ದಕ್ಕೆ ಬಹುತೇಕ ಚಲಿಸುವುದಿಲ್ಲ, ನಾರಿಗೆ ಅಡ್ಡಲಾಗಿ ಮಾತ್ರ ಹಿಗ್ಗುತ್ತದೆ. ಹಸಿಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ಉದ್ದದಲ್ಲಿ ಆಗುವ ಕುಗ್ಗುವಿಕೆ ಸಾಮಾನ್ಯವಾಗಿ 0.1ರಿಂದ 0.2 ಪ್ರತಿಶತ. ಅಗಲದಲ್ಲಿ ಆಗುವುದು ಅದರ ಹತ್ತಾರು ಪಟ್ಟು.

ಈ ಅಡ್ಡ ಚಲನೆಯಲ್ಲೂ ಎರಡು ಬಗೆಯಿದೆ, ಮತ್ತು ಹಲಗೆ ಬಾಗುವ ಗುಟ್ಟು ಇರುವುದು ಇಲ್ಲಿಯೇ. ದಿಮ್ಮಿಯ ಕೊಯ್ದ ತುದಿಯಲ್ಲಿ ಕಾಣುವ ವಾರ್ಷಿಕ ಉಂಗುರಗಳ ಜಾಡು ಹಿಡಿದು ಮರ ಹೆಚ್ಚು ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ದಿಕ್ಕಿನಲ್ಲಿ ಅದರ ಅರ್ಧದಷ್ಟು ಮಾತ್ರ. ತಿರುಳಿನಿಂದ ಹೊರಕ್ಕೆ ಚಾಚಿಕೊಂಡಿರುವ ಅಡ್ಡಕೋಶಗಳ ಪಟ್ಟಿಗಳು ಆ ದಿಕ್ಕಿನ ಚಲನೆಯನ್ನು ಬಿಗಿಹಿಡಿಯುವುದು ಇದಕ್ಕೆ ಒಂದು ಮುಖ್ಯ ಕಾರಣ. ಸಾಗುವಾನಿಯಲ್ಲಿ ಈ ಎರಡು ಅಳತೆಗಳು ಸುಮಾರು 5.8 ಮತ್ತು 2.5 ಪ್ರತಿಶತ, ಈಚೆಗೆ ಪೀಠೋಪಕರಣಗಳಲ್ಲಿ ಬಹಳ ಬಳಕೆಯಾಗುವ ರಬ್ಬರ್ ಮರದಲ್ಲಿ ಸುಮಾರು 5.1 ಮತ್ತು 2.3, ಯುರೋಪಿನಿಂದ ಬರುವ ಬೀಚ್ ಮರದಲ್ಲಿ ಸುಮಾರು 12 ಮತ್ತು 6. ಸಾಗುವಾನಿಗೆ ನಮ್ಮಲ್ಲಿರುವ ಮನ್ನಣೆಗೆ ಅದರಲ್ಲಿನ ಎಣ್ಣೆಯಂಶ, ಗೆದ್ದಲು ನಿರೋಧಕ ಗುಣ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಅದು ಚಲಿಸುವುದು ಇಷ್ಟು ಕಡಿಮೆ ಎಂಬುದು, ಪೀಠೋಪಕರಣ ಮಾಡುವವರ ಮಟ್ಟಿಗೆ, ಅದರ ಎಲ್ಲಕ್ಕಿಂತ ದೊಡ್ಡ ಗುಣ.

ಸಾಮಿಲ್ಲಿನಲ್ಲಿ ದಿಮ್ಮಿಯನ್ನು ಒಂದೇ ದಿಕ್ಕಿನಲ್ಲಿ ಸಾಲಾಗಿ ಕೊಯ್ದರೆ ಹೆಚ್ಚಿನ ಹಲಗೆಗಳಲ್ಲಿ ಉಂಗುರಗಳು ಹಲಗೆಯ ಅಗಲಕ್ಕೆ ಮಲಗಿದಂತೆ ಬರುತ್ತವೆ. ಮೇಲ್ಮೈಯಲ್ಲಿ ಕಮಾನಿನಾಕಾರದ ಸುಂದರ ಗೆರೆಗಳು ಕಾಣುತ್ತವೆ. ಇಂತಹ ಹಲಗೆ ಅಗಲದಲ್ಲಿ ಹೆಚ್ಚು ಚಲಿಸುವುದಲ್ಲದೆ ಒಣಗುವಾಗ ಬಟ್ಟಲಿನಂತೆ ಬಾಗುತ್ತದೆ. ತೊಗಟೆಯ ಕಡೆಯ ಮುಖದಲ್ಲಿ ಉಂಗುರಗಳ ಜಾಡು ಮೇಲ್ಮೈಗೆ ಹೆಚ್ಚು ಸಮಾನಾಂತರವಾಗಿರುವುದರಿಂದ ಆ ಮುಖ ಹೆಚ್ಚು ಕುಗ್ಗುತ್ತದೆ, ಹೀಗಾಗಿ ಬಾಗು ಯಾವಾಗಲೂ ತೊಗಟೆಯ ಕಡೆಗೇ ಒಳಸರಿಯುತ್ತದೆ. ಹಲಗೆಯ ತುದಿಯ ಉಂಗುರಗಳನ್ನು ನೋಡಿದರೆ ಸಾಕು, ಅದು ಮುಂದೆ ಎತ್ತ ಬಾಗುತ್ತದೆಂದು ಖಚಿತವಾಗಿ ಹೇಳಬಹುದು. ಉಂಗುರಗಳು ಅಗಲಕ್ಕೆ ನೆಟ್ಟಗೆ ನಿಂತಿರುವಂತೆ ಕೊಯ್ದ ಹಲಗೆಯಾದರೋ ಕಡಿಮೆ ಚಲಿಸುತ್ತದೆ, ಬಾಗುವುದೂ ಇಲ್ಲ. ಹಾಗೆ ಕೊಯ್ದರೆ ಮರ ಹೆಚ್ಚು ವ್ಯರ್ಥವಾಗುವುದರಿಂದ ಬೆಲೆಯೂ ಹೆಚ್ಚು. ಆದರೂ ಸಾಲಾಗಿ ಕೊಯ್ದ ರಾಶಿಯಲ್ಲೂ ದಿಮ್ಮಿಯ ನಟ್ಟನಡುವಿನಿಂದ ಬಂದ ಒಂದೆರಡು ಹಲಗೆಗಳ ಎರಡು ಪಕ್ಕಗಳು ಇಂಥವೇ ಆಗಿರುತ್ತವೆ. ಅಂಗಡಿಯಲ್ಲಿ ಹಲಗೆಗಳ ಮುಖ ನೋಡುವ ಮೊದಲು ತುದಿ ನೋಡುವವರಿಗೆ ಅವು ಸಿಗುತ್ತವೆ.

ಇನ್ನು ಹವೆಯ ವಿಷಯ. ಮರವನ್ನು ಯಾವ ಗಾಳಿಯಲ್ಲಿ ಇಡುತ್ತೇವೋ ಆ ಗಾಳಿಯ ಆರ್ದ್ರತೆಗೆ ಹೊಂದುವ ಒಂದು ತೇವಾಂಶಕ್ಕೆ ಅದು ನಿಧಾನವಾಗಿ ಬಂದು ನಿಲ್ಲುತ್ತದೆ. ಸಾಪೇಕ್ಷ ಆರ್ದ್ರತೆ 30 ಪ್ರತಿಶತವಿದ್ದರೆ ಮರದ ತೇವಾಂಶ ಸುಮಾರು 6 ಪ್ರತಿಶತಕ್ಕೆ, 50 ಇದ್ದರೆ ಸುಮಾರು 9ಕ್ಕೆ, 65 ಇದ್ದರೆ 12ಕ್ಕೆ, 85 ಇದ್ದರೆ 18ರ ಹತ್ತಿರಕ್ಕೆ ಬರುತ್ತದೆ. ಕಲಬುರಗಿಯ ಏಪ್ರಿಲ್ ಮತ್ತು ಮಂಗಳೂರಿನ ಜುಲೈ ಈ ಸಾಲಿನ ಎರಡು ಕೊನೆಗಳು. ದಪ್ಪ ಹಲಗೆ ಹೀಗೆ ಬದಲಾಗಲು ವಾರಗಟ್ಟಲೆ ಬೇಕಾಗುವುದರಿಂದ ಹಗಲು ರಾತ್ರಿಗಳ ವ್ಯತ್ಯಾಸ ಅದನ್ನು ಮುಟ್ಟುವುದಿಲ್ಲ, ಋತುಗಳ ವ್ಯತ್ಯಾಸ ಮುಟ್ಟುತ್ತದೆ. ಭಾರತೀಯ ಮಾನಕ ಐ.ಎಸ್. 287 ದೇಶವನ್ನು ವಾರ್ಷಿಕ ಸರಾಸರಿ ಆರ್ದ್ರತೆಯ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ಬಗೆಯ ಕೆಲಸಕ್ಕೆ ಯಾವ ವಲಯದಲ್ಲಿ ಮರದ ತೇವಾಂಶ ಎಷ್ಟಿರಬೇಕೆಂದು ಸೂಚಿಸುವುದು ಇದಕ್ಕಾಗಿಯೇ. ಸರಾಸರಿ 67 ಪ್ರತಿಶತವನ್ನು ಮೀರಿದ ಪ್ರದೇಶಗಳು ಅದರಲ್ಲಿ ನಾಲ್ಕನೆಯ ವಲಯ. ನಮ್ಮ ಕರಾವಳಿ ಅದರಲ್ಲಿ ಬರುತ್ತದೆ.

ಈ ಅಂಕಿಗಳನ್ನು ಕೂಡಿಸಿ ಒಂದು ಲೆಕ್ಕ ಮಾಡುವುದು ಕಷ್ಟವಲ್ಲ, ಮತ್ತು ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆಯಾದರೂ ಮಾಡಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಾಗುವಾನಿಯ ಒಟ್ಟು ಕುಗ್ಗುವಿಕೆ 5.8 ಪ್ರತಿಶತವು ತೇವಾಂಶದ ಸುಮಾರು 30 ಅಂಶಗಳಿಗೆ ಹರಡಿಕೊಂಡಿರುವುದರಿಂದ, ತೇವಾಂಶ ಒಂದು ಅಂಶ ಬದಲಾದರೆ ಅಗಲ 0.19 ಪ್ರತಿಶತ ಬದಲಾಗುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ, ಮರದ ತೇವಾಂಶ 9 ಇದ್ದಾಗ, ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ 900 ಮಿಲಿಮೀಟರ್ ಅಗಲದ ಊಟದ ಮೇಜಿನ ಮೇಲ್ಭಾಗ ಮಾಡಿದ್ದೀರಿ ಎನ್ನೋಣ. ಅದನ್ನು ಉಡುಪಿಯ ಮನೆಗೆ ಸಾಗಿಸಿದಾಗ ಮಳೆಗಾಲದಲ್ಲಿ ತೇವಾಂಶ 16ಕ್ಕೆ ಏರಿತು. ಏಳು ಅಂಶಗಳ ಏರಿಕೆಗೆ 1.35 ಪ್ರತಿಶತ, ಅಂದರೆ ಮೇಜಿನ ಅಗಲ ಸುಮಾರು 12 ಮಿಲಿಮೀಟರ್ ಹೆಚ್ಚುತ್ತದೆ. ಉಂಗುರಗಳು ನೆಟ್ಟಗೆ ನಿಂತ ಹಲಗೆಗಳನ್ನೇ ಆಯ್ದು ಮಾಡಿದ್ದರೆ ಹಿಗ್ಗು ಸುಮಾರು 5 ಮಿಲಿಮೀಟರ್. ಬೀಚ್ ಮರದ ಕಮಾನುಗೆರೆಯ ಹಲಗೆಗಳಾಗಿದ್ದರೆ ಸುಮಾರು 25. ಅದೇ ಮೇಜಿನ ಉದ್ದ 1800 ಮಿಲಿಮೀಟರ್ ಇದ್ದರೂ ಆ ದಿಕ್ಕಿನಲ್ಲಿ ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸವಾಗುವುದಿಲ್ಲ.

ಈಗ ಈ ಮೇಜಿನ ಅಡಿಯಲ್ಲಿ ಕಾಲುಗಳನ್ನು ಹಿಡಿದುಕೊಂಡಿರುವ ಅಡ್ಡಪಟ್ಟಿಯನ್ನು ಗಮನಿಸಿ. ಅದರ ನಾರು ಮೇಜಿನ ಅಗಲಕ್ಕೆ ಸಾಗುತ್ತದೆ, ಆದ್ದರಿಂದ ಅದು ಚಲಿಸುವುದಿಲ್ಲ. ಅದರ ಮೇಲೆ ಕೂತ ಹಲಗೆ ಅದೇ ದಿಕ್ಕಿನಲ್ಲಿ 12 ಮಿಲಿಮೀಟರ್ ಚಲಿಸಬೇಕೆನ್ನುತ್ತದೆ. ಎರಡನ್ನೂ ಅಂಟಿನಿಂದಲೋ ಬಿಗಿಯಾದ ಸ್ಕ್ರೂಗಳಿಂದಲೋ ಉದ್ದಕ್ಕೂ ಕಟ್ಟಿಹಾಕಿದರೆ ಮಳೆಗಾಲದಲ್ಲಿ ಹಲಗೆ ಉಬ್ಬಿ ಏಳುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ. ಬಿಳಿ ಅಂಟು ಹಾಕಿ ಚೆನ್ನಾಗಿ ಒತ್ತಿಹಿಡಿದ ಉದ್ದನಾರಿನ ಜೋಡಣೆ ಮರದಷ್ಟೇ ಗಟ್ಟಿಯಾಗಿರುತ್ತದೆ ಎಂಬುದು ಇಲ್ಲಿ ಸಮಾಧಾನದ ಸಂಗತಿಯಲ್ಲ. ಅಂಟು ಬಿಡದೆ ಹೋದುದರಿಂದಲೇ ಮರ ಬೇರೆ ಕಡೆ ಬಿರಿಯುತ್ತದೆ.

ಪರಿಹಾರ ಸರಳ. ಹಲಗೆಯನ್ನು ಅಡ್ಡಪಟ್ಟಿಯ ನಡುವೆ ಒಂದು ಸ್ಕ್ರೂವಿನಿಂದ ಬಿಗಿಯಾಗಿ ಹಿಡಿಯಬೇಕು, ಪಕ್ಕಗಳಲ್ಲಿ ಜಾರಲು ಬಿಡಬೇಕು. ಅದಕ್ಕಾಗಿ ಪಕ್ಕದ ಸ್ಕ್ರೂಗಳ ತೂತನ್ನು ಅಡ್ಡಪಟ್ಟಿಯಲ್ಲಿ ದುಂಡಗೆ ಕೊರೆಯದೆ ಚಲನೆಯ ದಿಕ್ಕಿಗೆ ಉದ್ದವಾಗಿ ಕೊರೆದು, ಸ್ಕ್ರೂವಿನ ತಲೆಯಡಿ ವಾಶರ್ ಹಾಕುತ್ತಾರೆ. ಅಥವಾ ಎಲ್ ಆಕಾರದ ಸಣ್ಣ ಮರದ ತುಂಡುಗಳ ಒಂದು ತುದಿಯನ್ನು ಅಡ್ಡಪಟ್ಟಿಯಲ್ಲಿ ಕೊರೆದ ಗ್ರೂವ್‌ಗೆ ಸಿಕ್ಕಿಸಿ, ಇನ್ನೊಂದು ಭಾಗವನ್ನು ಹಲಗೆಗೆ ಸ್ಕ್ರೂ ಮಾಡುತ್ತಾರೆ. ಹಲಗೆ ಹಿಗ್ಗಿದಾಗ ತುಂಡು ಗ್ರೂವ್‌ನಲ್ಲಿ ಸರಿಯುತ್ತದೆ. ಇವುಗಳಲ್ಲಿ ಎರಡನೆಯದೇ ಉತ್ತಮ ಎಂದು ನನಗನ್ನಿಸುತ್ತದೆ. ಅಳಿದುಳಿದ ಚೂರುಗಳಿಂದಲೇ ಅದನ್ನು ಮಾಡಬಹುದು, ಮನೆ ಬದಲಿಸುವಾಗ ಮೇಜಿನ ಮೇಲ್ಭಾಗವನ್ನು ಬಿಚ್ಚುವುದೂ ಸುಲಭ.

ಬಾಗಿಲಿನ ಹಾಗೂ ಬೀರುವಿನ ಪ್ಯಾನೆಲ್ ರಚನೆ ಇದೇ ಸಮಸ್ಯೆಗೆ ಜಗತ್ತಿನ ಬೇರೆ ಬೇರೆ ಕಡೆ ಬಡಗಿಗಳು ಕಂಡುಕೊಂಡ ಉತ್ತರ. ನಮ್ಮ ಹಳೆಯ ಮನೆಗಳ ಹಲಸಿನ ಮರದ ಬಾಗಿಲುಗಳಲ್ಲಿ ಅದನ್ನು ನೋಡಬಹುದು. ಒಂದೂವರೆ ಅಡಿ ಅಗಲದ ಇಡೀ ಹಲಗೆಯನ್ನು ಬಾಗಿಲಾಗಿಸುವ ಬದಲು, ಮೂರು ನಾಲ್ಕು ಇಂಚು ಅಗಲದ ಪಟ್ಟಿಗಳಿಂದ ಚೌಕಟ್ಟು ಮಾಡಿ, ಚೌಕಟ್ಟಿನ ಒಳ ಅಂಚಿನ ಗ್ರೂವ್‌ನಲ್ಲಿ ತೆಳುವಾದ ಹಲಗೆಯನ್ನು ಕೂರಿಸುತ್ತಾರೆ. ಚೌಕಟ್ಟಿನ ಮೂಲೆಗಳಲ್ಲಿ ಒಂದು ತುಂಡಿನ ತುದಿಯ ನಾಲಿಗೆ ಇನ್ನೊಂದರ ತೂತಿನೊಳಗೆ ಹೊಕ್ಕು ಅಂಟಿನಿಂದಲೋ ಮರದ ಮೊಳೆಯಿಂದಲೋ ಬಿಗಿಯಾಗಿರುತ್ತದೆ. ನಡುವಿನ ಹಲಗೆಗೆ ಮಾತ್ರ ಅಂಟೇ ಇರುವುದಿಲ್ಲ. ಬಾಗಿಲಿನ ಒಟ್ಟು ಅಗಲದಲ್ಲಿ ಚಲಿಸುವುದು ಎರಡು ಪಕ್ಕದ ಕಿರಿದಾದ ಪಟ್ಟಿಗಳು ಮಾತ್ರ. ದೊಡ್ಡ ಚಲನೆಯೆಲ್ಲ ಗ್ರೂವ್‌ನ ಕತ್ತಲಲ್ಲಿ ನಡೆದುಹೋಗುತ್ತದೆ.

ಮನೆಯಲ್ಲಿ ಇದನ್ನು ಮಾಡುವವರು ಮೂರು ಅಳತೆಗಳನ್ನು ಗಮನದಲ್ಲಿಡಬೇಕು. ನಡುವಿನ ಹಲಗೆ 300 ಮಿಲಿಮೀಟರ್ ಅಗಲದ ಸಾಗುವಾನಿಯಾದರೆ, ಮೇಲಿನ ಲೆಕ್ಕದಂತೆ ಅದರ ಚಲನೆ 4 ಮಿಲಿಮೀಟರ್. ಗ್ರೂವ್ 10 ಮಿಲಿಮೀಟರ್ ಆಳವಿದ್ದು, ಬೇಸಿಗೆಯಲ್ಲಿ ಜೋಡಿಸುವಾಗ ಹಲಗೆಯ ಎರಡೂ ಪಕ್ಕಗಳಲ್ಲಿ ತಲಾ 3 ಮಿಲಿಮೀಟರ್ ಜಾಗ ಬಿಟ್ಟರೆ ಸಾಕು. ಮಳೆಗಾಲದಲ್ಲಿ ಮಾಡುತ್ತಿದ್ದರೆ ಇಷ್ಟು ಜಾಗದ ಅಗತ್ಯವಿಲ್ಲ, ಆದರೆ ಬೇಸಿಗೆಯಲ್ಲಿ ಕುಗ್ಗಿದಾಗ ಹಲಗೆ ಗ್ರೂವ್‌ನಿಂದ ಹೊರಬಾರದಷ್ಟು ಒಳಗೆ ಹೊಕ್ಕಿರಬೇಕು. ಹಲಗೆ ಒಂದೇ ಪಕ್ಕಕ್ಕೆ ಸರಿಯದಂತೆ ಮೇಲೆ ಮತ್ತು ಕೆಳಗೆ, ಅಗಲದ ಸರಿಯಾದ ನಡುವಿನಲ್ಲಿ, ಒಂದೊಂದು ಹನಿ ಅಂಟು ಹಾಕಬಹುದು. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ಹಲಗೆಗೆ ಬಣ್ಣವನ್ನೋ ಪಾಲಿಶ್ಅನ್ನೋ ಜೋಡಿಸುವ ಮೊದಲೇ ಹಚ್ಚಬೇಕು. ಜೋಡಿಸಿದ ಮೇಲೆ ಹಚ್ಚಿದರೆ ಪಾಲಿಶ್ ಗ್ರೂವ್‌ಗೆ ಇಳಿದು ಹಲಗೆಯನ್ನು ಅಂಟಿಸಿಬಿಡಬಹುದು. ಹಾಗಾಗದಿದ್ದರೂ ಮೊದಲ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಬಿಳಿ ಗೆರೆ ಹೊರಗೆ ಕಾಣುತ್ತದೆ.

ಪೆಟ್ಟಿಗೆ, ಪುಸ್ತಕದ ಕಪಾಟು ಮೊದಲಾದವುಗಳಲ್ಲಿ ಎಲ್ಲ ಹಲಗೆಗಳ ನಾರೂ ಪೆಟ್ಟಿಗೆಯ ಸುತ್ತ ಒಂದೇ ದಿಕ್ಕಿಗೆ ಹರಿಯುವಂತೆ ಜೋಡಿಸಿದರೆ ಎಲ್ಲವೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ, ತೊಂದರೆಯೇ ಇಲ್ಲ. ಕಪಾಟಿನ ಪಕ್ಕದ ಹಲಗೆಗೆ ಒಳಗಿನಿಂದ ಡ್ರಾಯರ್ ಜಾರುವ ಪಟ್ಟಿಯನ್ನು ಉದ್ದಕ್ಕೂ ಅಂಟಿಸಿದಾಗ ತೊಂದರೆ ಶುರುವಾಗುತ್ತದೆ, ಏಕೆಂದರೆ ಆ ಪಟ್ಟಿ ಪಕ್ಕದ ಹಲಗೆಯ ನಾರಿಗೆ ಅಡ್ಡವಾಗಿ ನಿಂತಿರುತ್ತದೆ. ಮುಂದಿನ ತುದಿಯಲ್ಲಿ ಮಾತ್ರ ಅಂಟು, ಹಿಂದೆ ಉದ್ದನೆಯ ತೂತಿನಲ್ಲಿ ಸ್ಕ್ರೂ: ಇಲ್ಲೂ ಸೂತ್ರ ಅದೇ.

ಒಣಗಿಸಿದ ಮರ ಚಲಿಸುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿದೆ. ಕಿಲ್ನ್‌ನಲ್ಲಿ, ಅಂದರೆ ಮರ ಒಣಗಿಸುವ ಬಿಸಿಗೂಡಿನಲ್ಲಿ, ಒಣಗಿಸಿದ್ದು, ಹಳೆಯ ಮನೆ ಕೆಡವಿದಾಗ ಸಿಕ್ಕ ತೊಲೆಯಿಂದ ಕೊಯ್ದದ್ದು ಎಂದ ಕೂಡಲೇ ಜನ ನಿಶ್ಚಿಂತರಾಗುತ್ತಾರೆ. ಒಣಗಿಸುವುದರಿಂದ ಆಗುವುದು ಇಷ್ಟು: ಹಸಿಮರ ಮೊದಲ ಬಾರಿ ಒಣಗುವಾಗ ಆಗುವ ದೊಡ್ಡ ಕುಗ್ಗುವಿಕೆ, ಬಾಗು, ಬಿರುಕುಗಳೆಲ್ಲ ಕೆಲಸಕ್ಕೆ ಮೊದಲೇ ಮುಗಿದಿರುತ್ತವೆ. ಅದು ಅತ್ಯಗತ್ಯವೇ, ಮತ್ತಿಯಂತಹ, ಒಣಗುವಾಗ ಸೀಳುವ ಸ್ವಭಾವದ ಮರಗಳಲ್ಲಿ ಇನ್ನೂ ಅಗತ್ಯ. ಆದರೆ ಋತುಮಾನದ ಚಲನೆ ಆಮೇಲೂ ಉಳಿಯುತ್ತದೆ. ವಾರ್ನಿಶ್, ಪಾಲಿಯುರೇಥೇನ್, ಅಗಸೆ ಎಣ್ಣೆ ಯಾವುದೂ ಅದನ್ನು ನಿಲ್ಲಿಸುವುದಿಲ್ಲ, ನಿಧಾನಗೊಳಿಸುತ್ತವೆ ಅಷ್ಟೆ. ಹಲಗೆಯ ಮೇಲ್ಮುಖಕ್ಕೆ ನಾಲ್ಕು ಕೋಟ್ ಹಚ್ಚಿ ಕೆಳಮುಖವನ್ನು ಹಾಗೇ ಬಿಟ್ಟರೆ ಎರಡೂ ಮುಖಗಳು ಬೇರೆ ಬೇರೆ ವೇಗದಲ್ಲಿ ತೇವ ಹೀರಿ ಹಲಗೆ ಬಾಗುತ್ತದೆ, ಆದ್ದರಿಂದ ಕಾಣದ ಮುಖಕ್ಕೂ ಅಷ್ಟೇ ಕೋಟ್ ಹಚ್ಚುವುದು ಒಳ್ಳೆಯದು. ಕರ್ನಾಟಕದಿಂದ ಸಾಗುವಾನಿಯ ಉಯ್ಯಾಲೆಯನ್ನೋ ಪೂಜಾಮಂಟಪವನ್ನೋ ಅಮೆರಿಕದ ಚಳಿಪ್ರದೇಶಗಳಿಗೆ ಕೊಂಡೊಯ್ದವರು ಮೊದಲ ಚಳಿಗಾಲದಲ್ಲೇ ಬಿರುಕು ಕಾಣುವುದೂ ಇದೇ ಕಾರಣದಿಂದ. ಹೀಟರ್ ಹಾಕಿದ ಮನೆಯೊಳಗೆ ಆರ್ದ್ರತೆ 20 ಪ್ರತಿಶತದವರೆಗೂ ಇಳಿಯಬಹುದು. ಆಗ ಮರದ ತೇವಾಂಶ 5ಕ್ಕಿಂತ ಕೆಳಗೆ ಹೋಗುತ್ತದೆ, ನಮ್ಮ ಯಾವ ಬೇಸಿಗೆಯೂ ಮನೆಯೊಳಗಿನ ಮರವನ್ನು ಅಷ್ಟು ಒಣಗಿಸುವುದು ಅಪರೂಪ.

ಮರ ಕೊಂಡು ತಂದ ದಿನವೇ ಕೊಯ್ಯಲು ಕೂರಬಾರದು. ಹಲಗೆಗಳನ್ನು ಕೆಲಸದ ಕೋಣೆಯಲ್ಲೇ, ನೆಲಕ್ಕೆ ತಾಗದಂತೆ, ಒಂದರ ಮೇಲೊಂದು ಪೇರಿಸಿ, ನಡುನಡುವೆ ಒಂದೇ ದಪ್ಪದ ಅಡ್ಡಪಟ್ಟಿಗಳನ್ನು ಒಂದರ ನೇರಕ್ಕೆ ಒಂದು ಬರುವಂತೆ ಇಟ್ಟು, ಕೆಲವು ವಾರ ಬಿಡಬೇಕು. ನಾರಿನ ತುದಿಗಳಿಂದ ನೀರು ಮುಖಗಳಿಗಿಂತ ಬಹು ಬೇಗ ಹೋಗುವುದರಿಂದ ಹಸಿಯಾದ ಹಲಗೆಯ ಎರಡೂ ತುದಿಗಳಿಗೆ ದಪ್ಪಗೆ ಪೇಂಟನ್ನೋ ಮೇಣವನ್ನೋ ಬಳಿಯಬೇಕು, ಇಲ್ಲದಿದ್ದರೆ ತುದಿ ಸೀಳುತ್ತದೆ. ಬಾಲ್ಕನಿಯಲ್ಲಿ ಕೆಲಸ ಮಾಡುವವರು ಹಲಗೆಯ ಒಂದೇ ಮುಖಕ್ಕೆ ಬಿಸಿಲು ಬೀಳದಂತೆ ನೋಡಿಕೊಳ್ಳಬೇಕು. ಎರಡು ಮುಳ್ಳುಗಳನ್ನು ಚುಚ್ಚಿ ತೇವಾಂಶ ತೋರಿಸುವ ಮೀಟರ್ ಒಂದನ್ನು ಕೊಳ್ಳುವುದು, ಮೂರನೆಯ ಉಳಿಯನ್ನು ಕೊಳ್ಳುವುದಕ್ಕಿಂತ ಮುಖ್ಯ. ಮೀಟರ್ ಇಲ್ಲದಿದ್ದರೂ ದಾರಿಯಿದೆ: ಹಲಗೆಯ ತುದಿಯಿಂದ ಒಂದಡಿ ಬಿಟ್ಟು ಒಳಗಿನಿಂದ ಸಣ್ಣ ತುಂಡು ಕೊಯ್ದು ತೂಗಿ, ಸುಮಾರು 103 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿದರೆ, ಎರಡರ ವ್ಯತ್ಯಾಸವನ್ನು ಒಣತೂಕದಿಂದ ಭಾಗಿಸಿ ನಿಖರವಾದ ತೇವಾಂಶ ಪಡೆಯಬಹುದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂತಹ ಪ್ರಯೋಗಾಲಯಗಳಲ್ಲೂ ತೇವಾಂಶ ಅಳೆಯುವ ಮೂಲ ವಿಧಾನ ಇದೇ.

ಪ್ಲೈವುಡ್ ಈ ತಾಪತ್ರಯವನ್ನೇ ಇಲ್ಲವಾಗಿಸುತ್ತದೆ. ತೆಳುವಾದ ಹಾಳೆಗಳನ್ನು ಒಂದಕ್ಕೊಂದು ಅಡ್ಡನಾರಾಗಿ ಅಂಟಿಸಿರುವುದರಿಂದ ಪ್ರತಿ ಹಾಳೆಯ ಅಗಲದ ಚಲನೆಯನ್ನು ಪಕ್ಕದ ಹಾಳೆಯ ಉದ್ದನಾರು ತಡೆಹಿಡಿಯುತ್ತದೆ. ದೊಡ್ಡ ವಾರ್ಡ್‌ರೋಬಿನ ಪಕ್ಕ, ಬೆನ್ನು, ಮಂಚದ ಮೇಲ್ಹಲಗೆ ಇವಕ್ಕೆ ಅದನ್ನು ಬಳಸುವುದರಲ್ಲಿ ಯಾವ ಕೀಳರಿಮೆಯೂ ಬೇಡ. ಎರಡನ್ನೂ ಬೆರೆಸುವಾಗ ಮಾತ್ರ ಎಚ್ಚರ ಬೇಕು: ಪ್ಲೈವುಡ್ಡಿನ ಅಂಚಿಗೆ ಗಟ್ಟಿಮರದ, ಅಂದರೆ ಪದರಗಳಿಲ್ಲದ ಇಡೀ ಮರದ, ಕಿರಿದಾದ ಪಟ್ಟಿ ಅಂಟಿಸಬಹುದು, ಅಗಲವಾದ ಗಟ್ಟಿಮರದ ಹಲಗೆಯನ್ನು ಪ್ಲೈವುಡ್ಡಿನ ಮೇಲೆ ಇಡಿಯಾಗಿ ಅಂಟಿಸಿದರೆ ಅದು ಸೀಳುತ್ತದೆ.

ಕೊನೆಯದಾಗಿ ಡ್ರಾಯರ್. ಗಟ್ಟಿಮರದಲ್ಲಿ ಮಾಡುವಾಗ ಅದರ ಪಕ್ಕಗಳ ನಾರು ಮುಂದಿನಿಂದ ಹಿಂದಕ್ಕೆ, ಮುಂಭಾಗದ ನಾರು ಎಡದಿಂದ ಬಲಕ್ಕೆ ಸಾಗುತ್ತದೆ. ಆದ್ದರಿಂದ ಡ್ರಾಯರಿನ ಅಗಲ ಬದಲಾಗುವುದಿಲ್ಲ, ಎತ್ತರ ಬದಲಾಗುತ್ತದೆ. ಎಡಬಲಗಳಲ್ಲಿ ಕಾಗದ ತೂರುವಷ್ಟು ಸಂದು ಬಿಟ್ಟರೂ ವರ್ಷವಿಡೀ ಸಲೀಸಾಗಿ ಜಾರುತ್ತದೆ. ಮೇಲಿನ ಸಂದನ್ನು ಮಾತ್ರ ಋತು ನೋಡಿ ಬಿಡಬೇಕು. 150 ಮಿಲಿಮೀಟರ್ ಎತ್ತರದ ಸಾಗುವಾನಿ ಡ್ರಾಯರ್ ಒಣಹವೆಯಿಂದ ಮಳೆಗಾಲಕ್ಕೆ 2 ಮಿಲಿಮೀಟರ್ ಹಿಗ್ಗುತ್ತದೆ. ಏಪ್ರಿಲ್‌ನಲ್ಲಿ ಮಾಡುತ್ತಿದ್ದರೆ ಮೇಲೆ ಎರಡೂವರೆ ಮಿಲಿಮೀಟರ್ ಬಿಡಿ, ನೋಡಲು ಹೆಚ್ಚೆನಿಸಿದರೂ ಸರಿ. ಜುಲೈಯಲ್ಲಿ ಮಾಡುತ್ತಿದ್ದರೆ ಅರ್ಧ ಮಿಲಿಮೀಟರ್ ಸಾಕು. ತಳದ ಹಲಗೆ ಗಟ್ಟಿಮರದ್ದಾದರೆ ಅದರ ನಾರನ್ನು ಎಡದಿಂದ ಬಲಕ್ಕೆ ಇಟ್ಟು, ಮುಂಭಾಗದ ಗ್ರೂವ್‌ನಲ್ಲಿ ಮಾತ್ರ ಅಂಟಿಸಿ, ಹಿಂದೆ ಉದ್ದನೆಯ ತೂತಿನ ಮೂಲಕ ಒಂದು ಸ್ಕ್ರೂ ಹಾಕಿದರೆ ಅದರ ಚಲನೆಯೆಲ್ಲ ಹಿಂಬದಿಗೆ ಸರಿದುಹೋಗುತ್ತದೆ. ಡ್ರಾಯರಿನ ಹಿಂದೆ ಅದಕ್ಕೆಂದು ಹತ್ತು ಮಿಲಿಮೀಟರ್ ಜಾಗ ಬಿಡಲು ಮರೆಯಬಾರದು.